ಬೊರಿವಲಿಗೆಂದು ಹೊರಟ ಶನಿವಾರ

ನನ್ನ ಅತ್ತೆಗೆ ಇಬ್ಬರು ಗಂಡುಮಕ್ಕಳು, ಇಬ್ಬರೂ ಮುಂಬೈಯಲ್ಲೇ. ಹಿರಿಯವರ ಮನೆ ಬೊರಿವಲಿಯಲ್ಲಿ, ನಮ್ಮದು ವಿಕ್ರೋಳಿಯಲ್ಲಿ. ಮಾವ ತೀರಿಕೊಂಡು ವಿಜಯಪುರದ ಬಾಡಿಗೆ ಮನೆ ಬಿಟ್ಟ ಮೇಲೆ ಅಣ್ಣತಮ್ಮಂದಿರು ಕೂತು ಒಂದು ಪಾಳಿ ಮಾಡಿದರು. ಬಸವ ಜಯಂತಿಯಿಂದ ದೀಪಾವಳಿಯವರೆಗೆ ನಮ್ಮ ಮನೆ, ದೀಪಾವಳಿಯಿಂದ ಬಸವ ಜಯಂತಿಯವರೆಗೆ ಅವರ ಮನೆ. ಹೊಲಕ್ಕೆ ನೀರು ಬಿಡಲು ಪಾಳಿ ಹಚ್ಚುತ್ತಾರಲ್ಲ, ಹಾಗೆ. ಅತ್ತೆಯನ್ನು ಯಾರೂ ಕೇಳಲಿಲ್ಲ. ಕೇಳಿದ್ದರೂ ಅವರು ‘ನಿಮಗ ಹೆಂಗ ಸರಿ ಅನಸ್ತೈತೋ ಹಂಗ ಮಾಡ್ರಿ’ ಎನ್ನುತ್ತಿದ್ದರು ಎಂದು ನನ್ನ ಗಂಡ ಹೇಳುತ್ತಾರೆ. ಕೇಳದೆ ಇರುವುದಕ್ಕೆ ಒಳ್ಳೆಯ ನೆಪ ಅದು.

ದೀಪಾವಳಿ ಮುಗಿದ ಮೇಲೆ ಬರುವ ಶನಿವಾರ ಅತ್ತೆಯನ್ನು ಬೊರಿವಲಿಗೆ ಬಿಟ್ಟು ಬರುವ ಕೆಲಸ ನನ್ನದು. ಶನಿವಾರವೇ ಯಾಕೆಂದರೆ ನನಗೆ ಅಂದು ರಜೆ, ನನ್ನ ಗಂಡನಿಗೆ ಇಲ್ಲ. ಭಾನುವಾರ ಹೋದರೆ ಅವರೂ ಬರಬೇಕಾಗುತ್ತದಲ್ಲ! ತಾಯಿಯ ಸೂಟ್‌ಕೇಸು ಡಿಕ್ಕಿಗೆ ಹೋಗುವುದನ್ನು ನೋಡಲಾರದ ಮಗ, ಬೆಳಿಗ್ಗೆ ಬೇಗನೆ ಎದ್ದು ಕಾಲಿಗೆ ಬಿದ್ದು ನಮಸ್ಕಾರ ಮಾಡಿ ಲೋಕಲ್ ಹಿಡಿದು ಹೋಗಿಬಿಡುತ್ತಾನೆ. ಕರುಳು ಅವರದು, ಡ್ರೈವಿಂಗ್ ನನ್ನದು.

ಹಾಗಂತ ನಾನೇನು ಆ ದಿನ ಅಳುತ್ತ ಗಾಡಿ ಓಡಿಸುವವಳಲ್ಲ. ಅತ್ತೆ ಸೊಸೆ ಇಬ್ಬರೂ ಬಾಯಿಗೆ ಬಾಯಿ ಕೊಡುವವರು. ಫ್ಯಾನು ಒಂದರ ಮೇಲಿರಬೇಕೋ ಮೂರರ ಮೇಲೋ, ಹಾಲಿಗೆ ಎಷ್ಟು ಹೆಪ್ಪು ಹಾಕಬೇಕು, ಟಿವಿ ಸೀರಿಯಲ್ಲಿನ ದನಿ ಪಕ್ಕದ ಬಿಲ್ಡಿಂಗಿಗೆ ಕೇಳಬೇಕೋ ಬೇಡವೋ, ಎಲ್ಲದಕ್ಕೂ ನಮ್ಮದು ಒಂದು ಸುತ್ತು ಆಗಲೇಬೇಕು. ‘ಅತ್ತಿಗೊಂದು ಕಾಲ, ಸೊಸಿಗೊಂದು ಕಾಲ ಅಂತಾರ, ನಮ್ಮ ಮನ್ಯಾಗ ಇಬ್ಬರದೂ ಕೂಡೇ ಬಂದೈತಿ ನೋಡ್ರಿ’ ಎಂದು ಅವರು ಕೆಳಗಿನ ಮನೆಯವರ ಮುಂದೆ ಹೇಳಿ ನಗುವುದನ್ನು ನಾನೇ ಕೇಳಿದ್ದೇನೆ. ಹೀಗಾಗಿ ದೀಪಾವಳಿ ಯಾವಾಗ ಬರುತ್ತದೋ ಎಂದು ನಾನು ಕಾಯುವಷ್ಟೇ ಅವರೂ ಕಾಯುತ್ತಾರೆ ಎಂದು ನಂಬಿಕೊಂಡಿದ್ದೆ. ಅವರ ಬಾಯಿಂದ ಎಂದೂ ಬೇರೆ ಮಾತು ಬಂದಿರಲಿಲ್ಲ.

ಬಿಡಲು ಹೋಗುವ ದಿನ ನಮ್ಮದೊಂದು ರೂಢಿ ಇದೆ. ನೇರ ಬೊರಿವಲಿಗೆ ಹೋಗುವುದಿಲ್ಲ. ಮೊದಲು ಸಾಂತಾಕ್ರೂಜ್‌ನಲ್ಲಿ ನನ್ನ ಆಫೀಸಿನ ಪಕ್ಕದ ಉಡುಪಿ ಹೋಟೆಲಿಗೆ ಹೋಗಿ ಇಬ್ಬರೂ ಮಸಾಲೆ ದೋಸೆ ತಿನ್ನುತ್ತೇವೆ. ಸುತ್ತುದಾರಿಯೇ, ಆದರೆ ಆ ದಿನ ನಾವಿಬ್ಬರೂ ಜಗಳವಾಡುವುದಿಲ್ಲ, ಅದಕ್ಕೊಂದು ಹಬ್ಬ ಬೇಡವೇ? ಮೊದಲ ಸಲ ಸುಮ್ಮನೆ ಹೋದದ್ದು, ಆಮೇಲೆ ಹಾಗೇ ನಡೆದುಬಂತು.

ಈಗ ಆ ದಾರಿಯ ಬಗ್ಗೆ ಸ್ವಲ್ಪ ಹೇಳಬೇಕು. ಸಾಂತಾಕ್ರೂಜ್‌ನ ಆಫೀಸಿನಿಂದ ವಿಕ್ರೋಳಿಯ ಮನೆಗೆ ನಾನು ವರ್ಷಗಟ್ಟಲೆ ಗಾಡಿ ಓಡಿಸಿದ್ದೇನೆ. ಹೈವೇ ಹಿಡಿದು ಉತ್ತರಕ್ಕೆ ಹೋಗುವುದು, ಜೋಗೇಶ್ವರಿ ಬಂತೆಂದರೆ ಫ್ಲೈಓವರ್ ಹತ್ತದೆ ಎಡಕ್ಕೆ ಸರಿಯುವುದು, ಕೆಳಗೆ ಬಲಕ್ಕೆ ಹೊರಳಿ ಲಿಂಕ್ ರೋಡು, ಪವಾಯಿಯ ಕೆರೆ, ಆಮೇಲೆ ನಮ್ಮ ವಿಕ್ರೋಳಿ. ಗಾಣದ ಎತ್ತಿನ ಹಾಗೆ ಕಣ್ಣು ಕಟ್ಟಿ ಬಿಟ್ಟರೂ ಮನೆ ಮುಟ್ಟುತ್ತೇನೆ. ಕೈಕಾಲು ತಮ್ಮ ಪಾಡಿಗೆ ತಾವು ಗೇರು, ಬ್ರೇಕು ನೋಡಿಕೊಳ್ಳುತ್ತವೆ, ತಲೆ ನನ್ನದಾಗುತ್ತದೆ. ಆಫೀಸಿನಲ್ಲಿ ಎಲ್ಲರ ಮಾತು, ಮನೆಯಲ್ಲಿ ಎಲ್ಲರ ಕೆಲಸ, ನಡುವೆ ಈ ದಾರಿಯೊಂದೇ ನನಗೆ ಸಿಕ್ಕ ಕೋಣೆ. ಅಲ್ಲಿ ಕೂತು ನಾನು ಮೇಲಿನವರಿಗೆ ತಿರುಗಿ ಉತ್ತರ ಕೊಟ್ಟಿದ್ದೇನೆ, ಕೆಲಸ ಬಿಟ್ಟಿದ್ದೇನೆ, ಧಾರವಾಡದಲ್ಲಿ ಮನೆ ಕಟ್ಟಿಸಿ ಅದರ ಬಾಗಿಲಿಗೆ ಬಣ್ಣ ಯಾವುದೆಂದು ಕೂಡ ಆರಿಸಿದ್ದೇನೆ. ಸಿಗ್ನಲ್ ಕೆಂಪಿತ್ತೋ ಹಸಿರಿತ್ತೋ ಕೇಳಿದರೆ ಮಾತ್ರ ಗೊತ್ತಿಲ್ಲ.

ಈ ಸಲದ ಶನಿವಾರವೂ ಗಂಡ ಹೊರಟುಹೋದ ಮೇಲೆ ಸಾಮಾನು ಇಳಿಸಿದೆವು. ಒಂದು ಸೂಟ್‌ಕೇಸು, ಚಟ್ನಿಪುಡಿಯ ಡಬ್ಬಿ, ಮತ್ತೆ ಹಳೆಯ ಸೀರೆಯಲ್ಲಿ ಸುತ್ತಿದ ರೊಟ್ಟಿ ಹಂಚು. ಬೊರಿವಲಿಯ ಮನೆಯ ತವೆಯ ಮೇಲೆ ಜೋಳದ ರೊಟ್ಟಿ ಉಬ್ಬುವುದಿಲ್ಲ ಎಂದು ಅತ್ತೆ ಅದನ್ನು ಎರಡೂ ಮನೆಗೆ ಹೊತ್ತುಕೊಂಡೇ ತಿರುಗುತ್ತಾರೆ. ಹತ್ತನೆಯ ಕ್ಲಾಸಿನ ನನ್ನ ಮಗಳು ಟ್ಯೂಷನ್ನಿಗೆ ಹೊರಡುತ್ತ ಅಜ್ಜಿಯ ಕೊರಳಿಗೆ ಬಿದ್ದು, “ಅಜ್ಜಿ, ಮತ್ ಜಾವೋ ನಾ. ನನ್ನ ಎಕ್ಸಾಮ್ ಇದೆ, ನೀನು ಇರು” ಎಂದಳು. ಅವಳ ಕನ್ನಡ ಅಷ್ಟೇ. ಅತ್ತೆ ಅವಳ ಗಲ್ಲ ಹಿಂಡಿ, “ಪರೀಕ್ಷಾ ನಂದೋ ನಿಂದೋ? ಓದ ಹೋಗ” ಎಂದರು.

ಹೋಟೆಲಿನಲ್ಲಿ ದೋಸೆ ತಂದಿಟ್ಟ ಉಡುಪಿಯ ಮಾಣಿ, “ಇನ್ನೆಂತ ಬೇಕಮ್ಮ?” ಎಂದ. ಅತ್ತೆ ಪ್ರತಿ ಸಲದಂತೆ, “ಎಂತ ಅಂದ್ರ ಎಂತಾದ್ದೋ ತಮ್ಮಾ, ಚಟ್ನಿ ಹಾಕು” ಎಂದು ಕಾಡಿದರು. ಅವನು ನಕ್ಕು ಇನ್ನೆರಡು ಸವಟು ಹಾಕಿದ. ನಾವು ಕೈ ತೊಳೆದು ಹೊರಬಿದ್ದೆವು. ದಿನಾ ಆಫೀಸು ಬಿಟ್ಟ ಮೇಲೆ ಹೇಗೆ ಹೊರಡುತ್ತೇನೋ ಹಾಗೆ ಅದೇ ಗಲ್ಲಿಯಿಂದ ಗಾಡಿ ತೆಗೆದೆ. ಅತ್ತೆ ನನ್ನ ಪಕ್ಕದಲ್ಲಿ ಬೆಲ್ಟು ಹಾಕಿಕೊಂಡು ಸೆರಗು ಸರಿಮಾಡಿಕೊಂಡು ಕೂತರು.

ಹೈವೇಗೆ ಬಂದದ್ದೇ ತಡ, ನನ್ನ ತಲೆ ನನ್ನ ಕೈಗೆ ಸಿಕ್ಕಿತು. ಆವತ್ತು ನಾನು ಮನಸ್ಸಿನಲ್ಲೇ ನಮ್ಮ ಹಾಲ್ ಜೋಡಿಸುತ್ತಿದ್ದೆ. ಕಿಟಕಿಯ ಬದಿಗೆ ಅತ್ತೆಯ ಮಂಚ ಇದೆ. ಅದನ್ನು ತೆಗೆದು ಒಳಗಿನ ಕೋಣೆಯ ಗೋಡೆಗೆ ನಿಲ್ಲಿಸಿದೆ. ಆ ಜಾಗಕ್ಕೆ ಒಂದು ಬೆತ್ತದ ಕುರ್ಚಿ ತಂದೆ. ಕುರ್ಚಿ ಬಾಗಿಲಲ್ಲಿ ಹಿಡಿಯಲಿಲ್ಲ, ಓರೆ ಮಾಡಿ ತಂದೆ. ಪಕ್ಕಕ್ಕೆ ಒಂದು ಸಣ್ಣ ಟೇಬಲ್, ಅದರ ಮೇಲೆ ಚಹಾ. ಟಿವಿ ಬಂದ್. ಸಂಜೆಯ ಬೆಳಕು, ನಾನೊಬ್ಬಳೇ, ಹಾಳಾದ್ದು ಒಂದು ಕುಕ್ಕರ್ ಕೂಡ ಕೂಗುವುದಿಲ್ಲ. ಪರದೆಯ ಬಣ್ಣಕ್ಕೆ ಬಂದಾಗ ಗಂಡನ ಜೊತೆ ಸಣ್ಣ ವಾದ ಆಯಿತು, ಅದರಲ್ಲೂ ನಾನೇ ಗೆದ್ದೆ.

ನಾನು ಹೀಗೆ ಪರದೆ ಕಟ್ಟುತ್ತಿದ್ದಾಗ ಜೋಗೇಶ್ವರಿ ಬಂದಿತ್ತು. ಬೊರಿವಲಿಗೆ ಫ್ಲೈಓವರ್ ಹತ್ತಿ ನೇರ ಹೋಗಬೇಕು. ನನ್ನ ಕೈ ದಿನದಂತೆ ಎಡಕ್ಕೆ ಸರಿಯಿತು, ಕೆಳಗೆ ಬಲಕ್ಕೆ ಹೊರಳಿತು. ನನಗೆ ಅದರ ಪರಿವೆಯೇ ಇಲ್ಲ.

ಪಕ್ಕದಲ್ಲಿ ಅತ್ತೆ ಸೀಟಿನಲ್ಲಿ ಸ್ವಲ್ಪ ಹೊರಳಿ ನನ್ನ ಮುಖ ನೋಡಿದ್ದು ಮಾತ್ರ ಈಗ ನೆನಪಾಗುತ್ತದೆ. ಆಮೇಲೆ ಬಾಯಿ ಬಿಟ್ಟವರು ಮುಚ್ಚಲಿಲ್ಲ.

“ಮೆಟ್ರೋ ಕಂಬ ಎಷ್ಟ ಎತ್ತರ ಮಾಡ್ಯಾರ ನೋಡು,” ಎಂದರು. ಹೂಂ ಎಂದೆ. ಪವಾಯಿಯ ಕೆರೆ ಬಂದಾಗ, “ನೀರ ಭಾಳ ಐತಿ ಈ ವರ್ಷ, ಒಂದಿನ ಹುಡುಗಿನ್ನ ಕರ್ಕೊಂಡ ಇಲ್ಲಿ ಬಂದ ಕೂಡೂಣು,” ಎಂದರು. ಹೂಂ ಎಂದೆ. “ಫ್ರಿಜ್ಜಿನ್ಯಾಗ ಬದನಿಕಾಯಿ ಅದಾವಲ್ಲ, ಸಂಜೀಕ ಎಣ್ಣಿಗಾಯಿ ಮಾಡ್ತೀನಿ. ಅಕಿಗೆ ಸೇರ್ತೈತಿ.” ಹೂಂ. “ಫ್ಯಾನ ಮೂರರ ಮ್ಯಾಲ ಇಟ್ಕೊ ನೀ, ನಾ ಚಾದರ ಹೊಚ್ಕೋತೀನಿ. ಅದರಾಗೇನೈತಿ.” ಅದಕ್ಕೂ ಹೂಂ. ಆ ಫ್ಯಾನಿನ ಸಲುವಾಗಿ ನಾವು ಮಳೆಗಾಲವಿಡೀ ಕುಸ್ತಿ ಹಿಡಿದಿದ್ದೆವು, ಆದರೂ ನನ್ನ ಕಿವಿ ನೆಟ್ಟಗಾಗಲಿಲ್ಲ. ನಾನು ಬೆತ್ತದ ಕುರ್ಚಿಯ ಮೇಲೆ ಕಾಲು ಮಡಚಿ ಕೂತಿದ್ದೆ.

ವಾಚ್‌ಮನ್ ಗೇಟು ತೆಗೆದ. ನಮ್ಮ ಪಾರ್ಕಿಂಗ್‌ಗೆ ರಿವರ್ಸ್ ಹಾಕಿದೆ, ಹ್ಯಾಂಡ್‌ಬ್ರೇಕ್ ಎಳೆದೆ, ಕೀಲಿ ತೆಗೆದೆ. ಹಿಂದಿನಿಂದ ಟಪಟಪ ಸದ್ದು. ಅತ್ತೆ ಆಗಲೇ ಇಳಿದು ಹೋಗಿ ಡಿಕ್ಕಿ ಬಡಿಯುತ್ತಿದ್ದರು.

“ತಗೀ ಯವ್ವಾ. ಹಂಚು ನಾ ಹಿಡ್ಕೋತೀನಿ, ನೀ ಸೂಟ್‌ಕೇಸ ತಗೊಂಡ ಬಾ.”

ಆಗ ನನಗೆ ಎಚ್ಚರವಾಯಿತು. ಎದುರಿಗೆ ನಮ್ಮ ಬಿಲ್ಡಿಂಗ್, ನಮ್ಮ ಲಿಫ್ಟು. ಅಯ್ಯೋ ನನ್ನ ಬುದ್ಧಿಗಿಷ್ಟು! ಇಳಿದು ಹಿಂದೆ ಹೋದೆ.

“ಅತ್ತೀ, ನಾವು ಬೊರಿವಲಿಗೆ ಹೋಗಬೇಕಿತ್ತಲ್ರೀ.”

ಅವರ ಕೈ ಡಿಕ್ಕಿಯ ಮೇಲೇ ಉಳಿಯಿತು. “ಹೌದಲ್ಲ,” ಎಂದರು.

“ನಾ ಏನೋ ವಿಚಾರ ಮಾಡ್ಕೋತ ಬಂದೆ, ದಿನದ ದಾರಿ, ಗಾಡಿ ತಾನ ಇಲ್ಲಿಗೆ ಬಂತು. ಜೋಗೇಶ್ವರ್ಯಾಗ ಹೊರಳಿದ್ದು ನಿಮಗ ಗೊತ್ತಾಗಲಿಲ್ಲೇನ್ರಿ?”

“ಗೊತ್ತಾತು.”

ನನಗೆ ಸಿಟ್ಟು ಬಂತು. ತಪ್ಪು ನನ್ನದೇ ಆದಾಗ ನನಗೆ ಸಿಟ್ಟು ಜಾಸ್ತಿ. “ಗೊತ್ತಾಗಿ ಸುಮ್ಮನ ಕೂತಿರೇನು? ಒಂದ ಮಾತ ಹೇಳಬಾರದೇನ್ರೀ?”

ಅತ್ತೆ ಸೆರಗಿನಿಂದ ಹಣೆ ಒರೆಸಿಕೊಂಡರು. “ನೀ ಮನಸ ಬದಲ ಮಾಡೀದಿ ಅನ್ಕೊಂಡೆ,” ಎಂದರು.

ಬದನೆಕಾಯಿ, ಕೆರೆ, ಫ್ಯಾನು, ಎಲ್ಲ ಒಂದೊಂದಾಗಿ ಕಿವಿಗೆ ಈಗ ಬಂದವು. ಎಲ್ಲಕ್ಕೂ ನಾನು ಹೂಂಗುಟ್ಟಿದ್ದೆ. ಆ ಹೊತ್ತಿಗೆಲ್ಲ ನಾನು ಅವರ ಮಂಚ ಎತ್ತಿ ಗೋಡೆಗೆ ನಿಲ್ಲಿಸುತ್ತಿದ್ದೆ. ನಾಚಿಕೆಯೂ ಆಯಿತು, ದುಃಖವೂ ಆಯಿತು, ಏನು ಮಾಡಬೇಕೆಂದು ತಿಳಿಯದೆ ಡಿಕ್ಕಿ ತೆಗೆದು ಸೂಟ್‌ಕೇಸಿಗೆ ಕೈ ಹಾಕಿದೆ.

“ಬದಲ ಮಾಡೀನಿ ಅಂತನ ತಿಳ್ಕೋರಿ. ನಡೀರಿ ಮ್ಯಾಲ.”

“ಬ್ಯಾಡ. ಸುಳ್ಳ ಹೇಳಾಕ ನಿನ್ನ ಮಾರಿಗೆ ಬರಂಗಿಲ್ಲ,” ಎಂದು ಅವರು ಸೂಟ್‌ಕೇಸನ್ನು ತಿರುಗಿ ಒಳಗೆ ನೂಕಿದರು.

“ಅತ್ತೀ, ಖರೇ ಹೇಳ್ರಿ. ನಿಮಗ ಇಲ್ಲೇ ಇರಬೇಕಂತ ಐತೇನು? ಐತಿ ಅನ್ರಿ, ನಾ ಎಲ್ಲರ ಜೋಡಿ ಮಾತಾಡ್ತೀನಿ.”

“ಹಂಗ ಕೇಳಬ್ಯಾಡ ನನ್ನ,” ಎಂದರು, ದನಿ ಏರಿಸದೆ. “ಇಲ್ಲಿರ್ತೀನಿ ಅಂದ್ರ ಅಲ್ಲಿ ಒಲ್ಲೆ ಅಂದಂಗಾತು. ಎರಡೂ ನನ್ನ ಹೊಟ್ಟ್ಯಾಗ ಹುಟ್ಟಿದಾವು. ಆ ಮಾತು ನನ್ನ ಬಾಯಿಂದ ಬರಬಾರದು. ನಾ ಹೇಳದನ ನಿನ್ನ ಕೈಲೆ ಆಗಿತ್ತಂದ್ರ ಅದು ಬ್ಯಾರೆ.”

ಅಷ್ಟರಲ್ಲಿ ನನ್ನ ಫೋನ್ ಹೊಡೆದುಕೊಂಡಿತು. ಬೊರಿವಲಿಯ ಓರಗಿತ್ತಿ. “ಎಲ್ಲಿಗೆ ಬಂದ್ರಿ? ಹೋಳಿಗಿ ಮಾಡೀನಿ, ಬಿಸಿ ಇದ್ದಾಗ ಬರ್ರಿ,” ಎಂದರು. ಆಕೆ ಒಳ್ಳೆಯ ಹೆಂಗಸು, ಸುಳ್ಳಲ್ಲ. ಹೊರಗಿನವರೆಗೂ ಕೇಳುವಂತೆ ಮಾತಾಡುತ್ತಾರೆ. ಅತ್ತೆ ತಾವೇ ಡಿಕ್ಕಿ ಹಾಕಿ, “ನಡಿ, ಅಕಿ ಹೋಳಿಗಿ ಮಾಡ್ಯಾಳ,” ಎಂದು ಹೋಗಿ ಮುಂದಿನ ಸೀಟಿನಲ್ಲಿ ಕೂತರು.

ಬಂದ ದಾರಿಯಲ್ಲೇ ತಿರುಗಿ ಹೋದೆವು. ಈ ಸಲ ನಾನು ಪ್ರತಿ ಸಿಗ್ನಲ್ ನೋಡಿದೆ, ಪ್ರತಿ ಹೊಂಡ ನೋಡಿದೆ. ಕೆರೆ ಬಂತು, ಹಿಂದೆ ಬಿತ್ತು. ಆಮೇಲೆ ನಾನೇ ಕೇಳಿದೆ.

“ಅಲ್ಲಿ ನಿಮಗೇನರ ತ್ರಾಸ ಐತೇನ್ರಿ ಅತ್ತೀ?”

“ಛೇ, ಛೇ. ಭಾಳ ಛೊಲೊ ನೋಡ್ಕೋತಾರ. ನಾ ಏನಂದ್ರೂ ಅಕಿ ‘ಹೌದ್ರಿ ಅತ್ತಿ’ ಅಂತಾಳ. ಹಗಲ ಅಂದ್ರ ಹಗಲ, ರಾತ್ರಿ ಅಂದ್ರ ರಾತ್ರಿ. ಹೌದ್ರಿ ಹೌದ್ರಿ ಕೇಳಿ ಕೇಳಿ ನನ್ನ ಬಾಯಿ ತುಕ್ಕ ಹಿಡೀತೈತಿ.” ಕಿಟಕಿಯ ಕಡೆ ಮುಖ ಮಾಡಿ ಅಂದರು, “ಜಗಳಾಡಾಕೂ ಯಾರರ ಬೇಕಲ್ಲ ಯವ್ವಾ.”

ನಾನು ನಕ್ಕೆ. ನಗುತ್ತ ನಗುತ್ತ ಕಣ್ಣು ಮಂಜಾಯಿತು, ಎಡಗೈಯಿಂದ ಒರೆಸಿಕೊಂಡೆ. “ದಾರಿ ನೋಡಿ ಹೊಡಿ,” ಎಂದು ಅತ್ತೆ ಗದರಿದರು.

ಬೊರಿವಲಿಯಲ್ಲಿ ಬಾಗಿಲು ತೆಗೆದ ಓರಗಿತ್ತಿ, ಯಾಕೆ ಇಷ್ಟು ತಡ ಎಂದು ಕೇಳಿದರು. ಬಾಯಿಬಿಟ್ಟರೆ ಬಣ್ಣಗೇಡೆಂದು ನಾನು ಚಪ್ಪಲಿ ಬಿಡುತ್ತ ನಿಂತೆ. ಅತ್ತೆಯೇ, “ಏನ್ ಕೇಳ್ತಿ ಯವ್ವಾ, ಟ್ರಾಫಿಕ್ಕು. ಮಂದಿಗೆ ಶನಿವಾರನೂ ಮನ್ಯಾಗ ಕೂಡಾಕ ಆಗಂಗಿಲ್ಲ,” ಎಂದು ಒಳಗೆ ನಡೆದರು. “ಹೌದ್ರಿ ಅತ್ತಿ,” ಎಂದರು ಓರಗಿತ್ತಿ. ಅತ್ತೆ ನನ್ನ ಕಡೆ ನೋಡಲಿಲ್ಲ, ನಾನೂ ಅವರ ಕಡೆ ನೋಡಲಿಲ್ಲ. ನೋಡಿದ್ದರೆ ಇಬ್ಬರೂ ಸಿಕ್ಕಿಬೀಳುತ್ತಿದ್ದೆವು.

ಹೋಳಿಗೆ ಉಂಡು ನಾನು ಹೊರಟೆ. ಆ ಮನೆ ಬಹಳ ಎತ್ತರದಲ್ಲಿದೆ, ಅತ್ತೆಗೆ ಲಿಫ್ಟೆಂದರೆ ಅಂಜಿಕೆ, ಯಾವಾಗಲೂ ಬಾಗಿಲಲ್ಲೇ ನಿಂತು ಕಳಿಸುವವರು. ಅಂದು ನನ್ನ ಹಿಂದೆಯೇ ಲಿಫ್ಟಿಗೆ ಹತ್ತಿದರು. ನನ್ನ ತೋಳು ಗಟ್ಟಿಯಾಗಿ ಹಿಡಿದುಕೊಂಡು ಕಣ್ಣು ಮುಚ್ಚಿ ಕೆಳಗಿನವರೆಗೂ ಬಂದರು. ನಾನು ಗಾಡಿಯಲ್ಲಿ ಕೂತ ಮೇಲೆ ಕಿಟಕಿಯ ಗಾಜು ಇಳಿಸಲು ಕೈಸನ್ನೆ ಮಾಡಿದರು. ಇಳಿಸಿದೆ.

ಬಗ್ಗಿ, ಯಾರಾದರೂ ಕೇಳಿಯಾರು ಎಂಬಂತೆ ಸಣ್ಣ ದನಿಯಲ್ಲಿ ಹೇಳಿದರು. “ಆಫೀಸ್ ಬಿಟ್ಟ ಮನೀಗೆ ಹೋಗೂ ಮುಂದ ಮತ್ತ ಹಿಂಗ ಏನರ ವಿಚಾರ ಮಾಡ್ಕೋತ ದಾರಿ ತಪ್ಪಿದಿ ಅಂದ್ರ, ಈ ಕಡೆ ತಪ್ಪಿ ಬಾ.”

ಹೂಂ ಎಂದೆ. ಈ ಸಲ ಕೇಳಿಸಿಕೊಂಡು ಅಂದೆ.