ಇಸ್ತ್ರಿ ಅಕ್ಕ ನಿಲ್ಲುವ ಜಾಗ

ಬಸ್ಸು ಓಡಿಸುವ ಹೆಂಗಸೊಬ್ಬಳಿದ್ದಳು. ಕೈ ಸ್ಟಿಯರಿಂಗಿನ ಮೇಲೆ, ಕಣ್ಣು ರಸ್ತೆಯ ಮೇಲೆ, ಜೀವ ಮಾತ್ರ ಮನೆಯ ಇಸ್ತ್ರಿ ಮೇಜಿನ ಮೇಲೆ. ಸಿಗ್ನಲ್ಲಿನಲ್ಲಿ ಬಸ್ಸು ನಿಂತರೆ ಸಾಕು, ಮೂಗಿಗೆ ಸುಟ್ಟ ಬಟ್ಟೆಯ ವಾಸನೆ ಬಡಿಯುವುದು. ಮುಂದಿನ ಲಾರಿಯ ಹೊಗೆ ಕಣೇ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಮೂಗು ಒಪ್ಪುತ್ತಿರಲಿಲ್ಲ.

ಮನೆಯಲ್ಲಿದ್ದವಳು ಅವಳ ಅಕ್ಕ. ಆ ಕಟ್ಟಡದ ಅಷ್ಟೂ ಮನೆಗಳಿಗೆ ಅವಳು ಇಸ್ತ್ರಿ ಅಕ್ಕ. ಅಪ್ಪ ಅಮ್ಮ ಹೋದ ಮೇಲೆ ತಂಗಿಯನ್ನು ಓದಿಸಿದ್ದು, ದೊಡ್ಡ ಗಾಡಿಯ ಲೈಸೆನ್ಸ್ ಕೊಡಿಸಿದ್ದು ಎಲ್ಲ ಆ ಇಸ್ತ್ರಿ ಪೆಟ್ಟಿಗೆಯ ಕಾವಿನಿಂದಲೇ. ಅವಳು ಮಡಿಸಿಟ್ಟ ಅಂಗಿಯ ಕಾಲರು ನೋಡಿದರೆ ಅಂಗಡಿಯ ಹೊಸ ಬಟ್ಟೆ ನಾಚಬೇಕು. ಅಂಥವಳಿಗೆ ಹೋದ ವರ್ಷ ಲಕ್ವ ಹೊಡೆಯಿತು. ಕೈ ಹೇಗೋ ವಾಪಸ್ಸು ಬಂತು. ನೆನಪು ಮಾತ್ರ ನುಸಿ ತಿಂದ ಬಟ್ಟೆಯ ಹಾಗೆ ಅಲ್ಲಲ್ಲಿ ತೂತು. ಪೆಟ್ಟಿಗೆ ಆನ್ ಮಾಡಿಟ್ಟು, ಬಟ್ಟೆಯ ಗಂಟು ಎತ್ತಿಕೊಂಡು ಮೇಲಿನ ಮನೆಗೆ ಹೋದರೆ, ಹೋದವಳು ಅಲ್ಲೇ ಮಾತಿಗೆ ಕೂರುವಳು. ಒಂದು ಸಲ ಮೇಜಿನ ಹೊದಿಕೆ ಹೊತ್ತಿ ಹೊಗೆ ಮೆಟ್ಟಿಲವರೆಗೆ ಬಂದಿತ್ತು. ಇನ್ನೊಮ್ಮೆ ಹೀಗಾದರೆ ಇಸ್ತ್ರಿ ಬಂದ್ ಎಂದು ಮನೆ ಮಾಲೀಕರು ಬಾಗಿಲಲ್ಲೇ ನಿಂತು ಹೇಳಿ ಹೋಗಿದ್ದರು.

ಇಸ್ತ್ರಿ ನಿಲ್ಲಿಸುವುದೆಂದರೆ ಅಕ್ಕನನ್ನೇ ಮೂಲೆಗೆ ಕೂರಿಸಿದ ಹಾಗೆ. ಹಾಗೆಂದು ತಂಗಿ ಕೆಲಸ ಬಿಟ್ಟು ಮನೆಯಲ್ಲಿ ಕಾವಲು ಕೂರುವಂತೆಯೂ ಇರಲಿಲ್ಲ.

ಡಿಪೋದಲ್ಲಿ ಒಬ್ಬ ಎಲೆಕ್ಟ್ರಿಷಿಯನ್, ಎಲ್ಲರ ಬಾಯಲ್ಲಿ ಫ್ಯೂಸಣ್ಣ. ದಾರಿ ಹೇಳಿದವನು ಅವನೇ. ತಾನಾಗಿ ಆಫ್ ಆಗುವ ಪ್ಲಗ್ಗು ಸಿಗುತ್ತದೆ, ಅದನ್ನು ಆಡಿಸುವ ಸಾಫ್ಟ್‌ವೇರು ಎರಡು ಥರ. ಒಂದು ಕಂಪನಿಯದು, ತಿಂಗಳು ತಿಂಗಳು ದುಡ್ಡು ಕಟ್ಟಬೇಕು. ಇನ್ನೊಂದು ಯಾರ್ಯಾರೋ ಸೇರಿ ಬರೆದು ಜಗತ್ತಿಗೆ ಬಿಟ್ಟದ್ದು, ಪುಕ್ಕಟೆ; ಆದರೆ ಮನೆಯಲ್ಲೊಂದು ಹಳೇ ಕಂಪ್ಯೂಟರಿಟ್ಟು ನಾವೇ ನೋಡಿಕೊಳ್ಳಬೇಕು.

"ಕಂಪನಿಯದಾದ್ರೆ ಕೆಟ್ಟಾಗ ಕೇಳೋಕೆ ಒಬ್ಬರು ಇರ್ತಾರೆ," ಎಂದಳು ಅವಳು. "ನಿಮ್ಮ ಪುಕ್ಕಟೆದು ಕೆಟ್ಟರೆ ನಾನು ಯಾರ ಕುತ್ತಿಗೆ ಹಿಡೀಲಿ ಅಣ್ಣ?"

"ಇಲ್ಲಿದೆಯಲ್ಲ, ನಂದು."

"ನೀವು ರಜೆ ಹಾಕಿದ ದಿನ?"

"ನಮ್ಮ ಮ್ಯಾನೇಜರ್ ಇರೋವರೆಗೂ ನನಗೆ ರಜೆನಾ? ಒಳ್ಳೆ ಮಾತು ಹೇಳ್ತೀರಿ."

ನಕ್ಕಳೇನೋ ನಿಜ, ಹೆದರಿಕೆ ಕದಲಲಿಲ್ಲ. ಕಂಪನಿಯದನ್ನೇ ಹಾಕಿಸಿದಳು. ದುಡ್ಡು ತೆಗೆದುಕೊಂಡವರಿಗೆ ಜವಾಬ್ದಾರಿ ಇರುತ್ತದೆ ಎಂಬುದೊಂದು ಧೈರ್ಯ. ಅಕ್ಕನಿಗೆ ಮಾತ್ರ ಹೇಳಲಿಲ್ಲ. ಹಳೇ ಪ್ಲಗ್ಗು ಸಡಿಲವಾಗಿತ್ತು, ಬದಲಾಯಿಸಿದೆ ಅಂದು ಸುಮ್ಮನಾದಳು. ನಿನ್ನ ನೆನಪಿಗೆ ಕಾವಲಿಟ್ಟಿದ್ದೇನೆ ಎಂದು ಸಾಕಿ ಬೆಳೆಸಿದವಳಿಗೆ ಯಾವ ಬಾಯಲ್ಲಿ ಹೇಳುವುದು?

ಆ ಪ್ಲಗ್ಗು ಆಗಾಗ ಫೋನಿಗೆ ಸುದ್ದಿ ಕಳಿಸುತ್ತಿತ್ತು: ಇಸ್ತ್ರಿ ಆನ್ ಇದೆ. ಓಡಿಸುವಾಗ ಫೋನು ಮುಟ್ಟುವಂತಿಲ್ಲ. ಸೀಟಿನ ಹಿಂದಿನ ಚೀಲದಲ್ಲಿ ಅದು ಗುಂಯ್ ಎಂದಾಗಲೆಲ್ಲ ಕೊನೆಗೆ ಇನ್ನೆಷ್ಟು ಸ್ಟಾಪೆಂದು ಎಣಿಸುವಳು. ಕೊನೇ ಸ್ಟಾಪಿಗೆ ಬಂದು ನೋಡಿದರೆ ಆನ್ ಇದೆ, ಅಷ್ಟೇ. ಅಕ್ಕ ಮೇಜಿನ ಮುಂದೆ ನಿಂತಿದ್ದಾಳೋ, ಮೇಲಿನ ಮನೆಯಲ್ಲಿ ಹರಟುತ್ತಿದ್ದಾಳೋ, ಪ್ಲಗ್ಗಿಗೇನು ಗೊತ್ತು? ಯಾಕೆ ಬೇಕು ಎಂದು ಫೋನಿನಿಂದಲೇ ಆಫ್ ಒತ್ತುವಳು. ಒತ್ತಿದ ಮೇಲೆ ಅಕ್ಕನ ಕೆಲಸ ಕೆಡುತ್ತದಲ್ಲ ಎಂದು ಕೊರಗುವಳು. ಬಸ್ಸು ಹೊರಡುವ ಮುಂಚೆ ಮತ್ತೆ ಆನ್ ಮಾಡುವಳು. ಮಾಡಿ, ದಾರಿಯುದ್ದಕ್ಕೂ ಒದ್ದಾಡುವಳು.

ಹೀಗೇ ನಡೆದು ಒಂದು ಸಂಜೆ ಮನೆಗೆ ಬಂದರೆ, ಬಟ್ಟೆಯ ಗಂಟುಗಳು ಬಿಚ್ಚದೆ ಬಿದ್ದಿವೆ. ಅಕ್ಕ ತನ್ನ ಬಲಗೈಯನ್ನು ಮಡಿಲಲ್ಲಿಟ್ಟುಕೊಂಡು, ಅದು ಬೇರೆ ಯಾರದೋ ಕೈ ಎಂಬಂತೆ ನೋಡುತ್ತಿದ್ದಾಳೆ.

"ಕೈ ಮತ್ತೆ ಹೋಯ್ತು ಕಣೇ."

"ಏನಾಯ್ತಕ್ಕ? ಎಲ್ಲಿ, ಬೆರಳು ಮಡಚು."

"ಬೆರಳು ಮಡಚುತ್ತೆ. ಒತ್ತಿದ್ರೆ ಸುಕ್ಕು ಹೋಗಲ್ಲ. ಅರ್ಧ ಅಂಗಿ ಆಗುತ್ತೆ, ಇನ್ನರ್ಧಕ್ಕೆ ಬಲಾನೇ ಇಲ್ಲ. ನಿನಗೆ ಹೇಳಿದ್ರೆ ಆಸ್ಪತ್ರೆಗೆ ಎಳ್ಕೊಂಡು ಹೋಗ್ತೀಯ ಅಂತ ಬಾಯಿ ಮುಚ್ಕೊಂಡಿದ್ದೆ. ನಾಳೆಯಿಂದ ಬಟ್ಟೆ ಕೊಡಬೇಡಿ ಅಂತ ಮೇಲಿನವರಿಗೆ ಹೇಳಿ ಬಂದೆ."

ತಂಗಿಗೆ ಆಗ ಹೊಳೆಯಿತು. ಅರ್ಧ ಅಂಗಿಗೆ ಪೆಟ್ಟಿಗೆ ತಣ್ಣಗಾದದ್ದು ಕೊನೇ ಸ್ಟಾಪಿನಲ್ಲಿ ನಿಂತ ತನ್ನ ಹೆಬ್ಬೆರಳಿನಿಂದ. ಹೇಳದೆ ದಾರಿಯಿರಲಿಲ್ಲ. ಎಲ್ಲವನ್ನೂ ಹೇಳಿದಳು.

ಅಕ್ಕ ಎದ್ದು ಹೋಗಿ ಆ ಹೊಸ ಪ್ಲಗ್ಗನ್ನು ದಿಟ್ಟಿಸಿದಳು. ಆಮೇಲೆ, "ಬಸ್ಸಲ್ಲಿ ಕೂತು ನನ್ನನ್ನೂ ಓಡಿಸ್ತಿದ್ಯಾ?" ಅಂದಳು.

"ಹೆದರಿಕೆ ಅಕ್ಕ."

"ನನಗಿಲ್ವಾ? ಆ ಹೊಗೆ ಕಂಡ ಮೇಲೆ ಎಷ್ಟು ಸಲ ಮೆಟ್ಟಿಲಿಂದ ವಾಪಸ್ ಬಂದು ನೋಡ್ತೀನಿ ಗೊತ್ತಾ? ಕಾವಲಿಡೋದಾದ್ರೆ ಸರಿಯಾದ್ದು ಇಡು. ನಾನು ಮೇಜಿನ ಮುಂದೆ ನಿಂತಿದ್ರೆ ಪೆಟ್ಟಿಗೆ ಕಾಯಬೇಕು, ಇಲ್ಲಾಂದ್ರೆ ಆರಬೇಕು. ಅಷ್ಟೂ ತಿಳಿಯಲ್ವಾ ಅದಕ್ಕೆ? ದುಡ್ಡು ಬೇರೆ ತಿನ್ನುತ್ತಲ್ಲ."

ಮರುದಿನ ತಂಗಿ ಕಂಪನಿಗೆ ಫೋನು ಮಾಡಿದಳು. ಆ ಕಡೆಯ ಹುಡುಗಿಯ ದನಿ ಜೇನು. "ಟೈಮ್ ಇಟ್ಟು ಆಫ್ ಮಾಡಬಹುದು, ಫೋನಿಂದ ಆಫ್ ಮಾಡಬಹುದು ಮೇಡಂ. ಎದುರಿಗೆ ಯಾರು ನಿಂತಿದಾರೆ ಅನ್ನೋದು ನಮ್ಮ ಯಾವ ಪ್ಲ್ಯಾನಲ್ಲೂ ಇಲ್ಲ. ಬೇರೆ ಏನಾದರೂ ಸಹಾಯ ಬೇಕಿತ್ತಾ?" ಕೇಳಲು ಒಬ್ಬರು ಇದ್ದರು, ಸುಳ್ಳಲ್ಲ. ಕೇಳಿಸಿಕೊಂಡು ಫೋನಿಟ್ಟರು.

ಕೊನೆಗೆ ಫ್ಯೂಸಣ್ಣನನ್ನೇ ಕರೆದಳು. ಮನೆಗೆ ಬಂದವನು ಮೊದಲು ಏನನ್ನೂ ಬಿಚ್ಚಲಿಲ್ಲ. ಗೋಡೆಗೊರಗಿ ಅಕ್ಕ ಇಸ್ತ್ರಿ ಹಾಕುವುದನ್ನು ನೋಡುತ್ತ ನಿಂತ. ಅವಳ ತೋಳು ಅತ್ತಿತ್ತ ಓಡಾಡುತ್ತದೆ, ಪಾದ ಒಂದೇ ಕಡೆ. ಆ ಜಾಗದಲ್ಲೊಂದು ಚಾಪೆ ಹಾಸಿ, ಅದರಡಿ ಭಾರ ತಿಳಿಯುವ ತೆಳ್ಳನೆ ಹಲಗೆಯಿಟ್ಟ. ನಿಂತರೆ ಪೆಟ್ಟಿಗೆ ಆನ್. ಇಳಿದು ನಾಲ್ಕು ಕ್ಷಣವಾದರೆ ಆಫ್. ಮೂಲೆಯಲ್ಲೊಂದು ಹಳೇ ಕಂಪ್ಯೂಟರಿಟ್ಟು, ಪುಕ್ಕಟೆ ಸಾಫ್ಟ್‌ವೇರಿನಲ್ಲಿ ಹಾಗೆಂದು ಅವನೇ ಬರೆದ.

"ಕಂಪ್ಯೂಟರ್ ಕೆಟ್ಟು ನಿಂತರೆ?" ತಂಗಿ ಕೇಳಿದಳು.

"ಆಗ ಪ್ಲಗ್ಗು ತಾನೇ ಆಫ್ ಆಗುತ್ತೆ. ಕೆಲಸ ನಿಲ್ಲುತ್ತೆ, ಮನೆ ಉಳಿಯುತ್ತೆ."

"ಸರಿ ಮಾಡೋರು?"

"ನಾನಿದ್ರೆ ನಾನು. ಇಲ್ಲದಿದ್ರೆ ನೀವೇ. ಕೂತ್ಕೊಳ್ಳಿ, ಕಲಿಸ್ತೀನಿ."

ತಂಗಿ ಎರಡು ಹೆಜ್ಜೆ ಹಿಂದೆ ಸರಿದಳು. "ಅಷ್ಟು ದೊಡ್ಡ ಬಸ್ಸನ್ನ ಸಂದಿಯಲ್ಲಿ ರಿವರ್ಸ್ ತೆಗೀತೀಯ, ಇದಕ್ಕೆ ನಡುಗ್ತೀಯಲ್ಲೇ," ಎಂದಳು ಅಕ್ಕ. ಬೈಸಿಕೊಳ್ಳುತ್ತಲೇ ಕಲಿತಳು.

ಮೊದಲ ದಿನ ಚೀಲದಲ್ಲಿ ಫೋನು ಉಸಿರೆತ್ತಲಿಲ್ಲ. ಅದು ಇನ್ನೂ ಕಷ್ಟ. ಎಲ್ಲ ಸರಿಯಿದ್ದು ಸುಮ್ಮನಿದೆಯೋ, ಎಲ್ಲ ಕೆಟ್ಟು ಸುಮ್ಮನಿದೆಯೋ? ಪಾಳಿ ಮುಗಿದದ್ದೇ ಮೆಟ್ಟಿಲನ್ನು ಎರಡೆರಡಾಗಿ ಹತ್ತಿ ಬಂದರೆ ಬಾಗಿಲು ಬರೀ ಮುಂದಕ್ಕೆಳೆದಿದೆ, ಒಳಗೆ ಯಾರೂ ಇಲ್ಲ. ಪೆಟ್ಟಿಗೆ ಒಂದು ಅಂಗಿಯ ಬೆನ್ನ ಮೇಲೇ ಮಲಗಿದೆ. ಗೋಡೆಯ ಸ್ವಿಚ್ಚು ಆನ್.

ಕೈಯ ಹಿಂಭಾಗವನ್ನು ಹೆದರುತ್ತ ಪೆಟ್ಟಿಗೆಯ ಹತ್ತಿರ ತಂದಳು. ತಣ್ಣಗಿತ್ತು. ಎತ್ತಿ ನೋಡಿದಳು, ಅಂಗಿ ಹಾಲಿನಂತೆ ಬೆಳ್ಳಗಿತ್ತು. ಪೆಟ್ಟಿಗೆಯನ್ನು ಪಕ್ಕಕ್ಕೆ ನಿಲ್ಲಿಸಿ ಅಲ್ಲೇ ಕೆಳಗೆ ಕೂತಳು. ಟಕ್ ಎಂದಿತು ಪ್ಲಗ್ಗು. ಪೆಟ್ಟಿಗೆಯ ಕೆಂಪು ದೀಪ ಹತ್ತಿತು. ಕೂತದ್ದು ಚಾಪೆಯ ಮೇಲೆ. ಹಾವು ತುಳಿದವಳ ಹಾಗೆ ಹಾರಿ ನಿಂತಳು.

"ನನ್ನ ಜಾಗದಲ್ಲಿ ಏನೇ ನಿನ್ನ ಕುಣಿತ?" ಬಾಗಿಲಲ್ಲಿ ಅಕ್ಕ, ತೋಳಲ್ಲಿ ಹೊಸ ಗಂಟು.

"ಆಫ್ ಮಾಡದೆ ಹೋಗಿದ್ದೀಯ ಅಕ್ಕ. ಅಂಗಿ ಮೇಲೇ ಬಿಟ್ಟು."

ಅಕ್ಕನ ಮುಖ ಬಾಡಿತು. ಬಂದು ಅಂಗಿಯನ್ನು ತಿರುಗಿಸಿ ತಿರುಗಿಸಿ ನೋಡಿದಳು. ಚಾಪೆಯ ಮೇಲೆ ನಿಂತು ಅದರ ತೋಳನ್ನು ಎಳೆದು ಹಾಸಿದಳು.

ತಂಗಿಯ ತಲೆಯೊಳಗೆ ಆಗಲೇ ಇನ್ನೊಂದು ಹುಳ. "ಅಕ್ಕ, ಮೇಲಿನ ಮನೆ ಬೆಕ್ಕು ಬಂದು ಇದರ ಮೇಲೆ ಮಲಗಿದ್ರೆ?"

"ಮಲಗೋಕೆ ಬಿಡ್ತೀನಾ? ಅದರ ಕೈಲೂ ಎರಡು ಅಂಗಿ ಮಾಡಿಸ್ತೀನಿ."

ತಂಗಿ ನಗಲಿಲ್ಲ. ಯೂನಿಫಾರಂ ಕೂಡ ಬದಲಿಸದೆ ಕಂಪ್ಯೂಟರಿನ ಮುಂದೆ ಕೂತು, ಎಷ್ಟು ಭಾರ ಬಿದ್ದರೆ ಆನ್ ಎಂದು ಬರೆದಿರುವ ಸಾಲನ್ನು ಒಂದೊಂದೇ ಅಕ್ಷರ ಓದುತ್ತ ಹುಡುಕತೊಡಗಿದಳು.