ಅಡುಗೆಕಟ್ಟೆಯ ಕಣ್ಣು

ಕಲ್ಲಿನ ಕಾರ್ಖಾನೆಯಲ್ಲಿ ಅವನನ್ನು ಮೆತ್ತಪ್ಪ ಎಂದೇ ಎಲ್ಲರೂ ಕರೆಯುತ್ತಿದ್ದರು. ಹಾಸುಗಲ್ಲಿನಲ್ಲಿ ತೂತು, ಬಿರುಕು, ಕಲೆ ಏನೇ ಇರಲಿ, ಬಣ್ಣ ಬೆರೆಸಿದ ಅಂಟು ಮೆತ್ತಿ, ಉಜ್ಜಿ, ಮಿಂಚಿಸಿಬಿಟ್ಟನೆಂದರೆ ಅದನ್ನು ಹೆತ್ತ ಬಂಡೆಗೂ ಗುರುತು ಸಿಗುತ್ತಿರಲಿಲ್ಲ. ಮೂವತ್ತು ವರ್ಷದಿಂದ ಅದೇ ಕೆಲಸ. ಜಂಬವೂ ಇತ್ತು, ಯಾಕಿರಬಾರದು ಹೇಳಿ?

ಒಂದು ಬೆಳಿಗ್ಗೆ ವಸ್ತುಸಂಗ್ರಹಾಲಯದ ಮೇಡಂ ಒಬ್ಬರು ತಮ್ಮ ಕಟ್ಟಡದ ನೆಲಕ್ಕೆ ಕಲ್ಲು ಆರಿಸಲು ಬಂದರು. ತೋರಿಸಲು ಮೆತ್ತಪ್ಪ ಜೊತೆಗಿದ್ದ. ಯಾರಿಗೂ ಬೇಡವಾಗಿ ಒಂಬತ್ತು ವರ್ಷದಿಂದ ಅಂಗಳದ ಗೋಡೆಗೆ ಒರಗಿದ್ದ ಬೂದು ಹಾಸುಗಲ್ಲಿನ ಮುಂದೆ ನಿಂತವರು ಅಲುಗಲೇ ಇಲ್ಲ.

“ಯಜಮಾನ್ರೇ, ಇದು ಕಲೆ ಅಲ್ಲ, ಪಕ್ಕೆಲುಬು. ಇದು ಬೆನ್ನುಮೂಳೆ. ಇದು ಈಜೋಕೆ ಇದ್ದ ಕೈ.”

“ಇದು ಮೀನಾ, ಮೇಡಂ?”

“ಮೀನಲ್ಲ. ಹಲ್ಲಿ, ಮೊಸಳೆ ಥರದ್ದು, ಆದ್ರೆ ಸಮುದ್ರದಲ್ಲೇ ಬಾಳಿದ್ದು. ಇಕ್ತಿಯೋಸಾರ್ ಅಂತಾರೆ. ಹದಿನೆಂಟು ಕೋಟಿ ವರ್ಷ ಆಗಿರಬಹುದು.”

ಮೆತ್ತಪ್ಪನ ತೆರೆದ ಬಾಯಿ ತೆರೆದೇ ಇತ್ತು. ಕೋಟಿಯಂತೆ! ಐವತ್ತೆಂಟು ವರ್ಷಕ್ಕೇ ತನ್ನ ಮೊಣಕಾಲು ಮಾತು ಕೇಳುತ್ತಿರಲಿಲ್ಲ.

ಮೇಡಂ ಕುತ್ತಿಗೆಯ ಹತ್ತಿರ ಗರಗಸ ಕೊಯ್ದ ಅಂಚನ್ನು ಸವರಿದರು. “ಛೆ, ತಲೆ ಇಲ್ವಲ್ಲ. ಇದರ ಕಣ್ಣಿನ ಸುತ್ತ ಮೂಳೆಯ ಉಂಗುರ ಇರುತ್ತೆ. ಅದೊಂದು ಸಿಕ್ಕಿದ್ರೆ ಸಾಕಿತ್ತು.”

ಉಂಗುರ ಎಂದದ್ದೇ ತಡ, ಮೆತ್ತಪ್ಪನಿಗೆ ಒಂಬತ್ತು ವರ್ಷದ ಹಿಂದಿನದು ನೆನಪಾಯಿತು. ಈ ಕಲ್ಲಿನ ತುದಿಯಲ್ಲಿ ಸಾಸರಿನಷ್ಟಗಲದ ದುಂಡು ಕುಳಿಯಿತ್ತು, ಅದರೊಳಗೆ ಕಪ್ಪು ಚೂರುಗಳ ಸಾಲು. ಎರಡು ದಿನ ಕೂತು ಅಂಟು ಮೆತ್ತಿ ಮುಚ್ಚಿದ್ದ. ಉಳಿದ ಕಲೆಗಳಿಗೆ ಕೈ ಹಾಕುವ ಮೊದಲೇ ಗಿರಾಕಿ ಕಲ್ಲು ಬೇಡವೆಂದ. ಆ ತುದಿಯನ್ನು ಕೊಯ್ಯಿಸಿ ಮನೆಗೊಯ್ದು ಅಡುಗೆಕಟ್ಟೆಗೆ ಹಾಸಿಕೊಂಡಿದ್ದ. ಈಗ ತೆಪ್ಪಗಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಕಣ್ಣು ಹಾಳಾಗಿದ್ದರೆ ಮಾನ ಹೋಗುವುದು ಅವನದೇ. ಆದರೂ ಮಾತು ಬಾಯಿಂದ ಜಾರಿತು: “ತಲೆ ನಮ್ಮನೇಲಿದೆ ಮೇಡಂ.”

ಮೇಡಂ ಅವನೊಂದಿಗೇ ಮನೆಗೆ ಬಂದರು. ಹೆಂಡತಿ ಕೈಯಲ್ಲಿ ಚಾಕು ಹಿಡಿದೇ ಕಥೆಯೆಲ್ಲ ಕೇಳಿದಳು. “ಅಯ್ಯಯ್ಯೋ, ಇಷ್ಟು ವರ್ಷ ಅದರ ಮುಖದ ಮೇಲೆ ಈರುಳ್ಳಿ ಹೆಚ್ಚಿದ್ದೀನಾ ನಾನು! ಒಂದು ಮಾತು ಹೇಳ್ಬಾರದಿತ್ತೇನ್ರೀ?”

“ನಂಗೆ ಗೊತ್ತಿದ್ರೆ ತಾನೇ ಹೇಳೋದು!”

ಅಂಟು ತೆಗೆಯುವ ಕೆಲಸವನ್ನು ಮೇಡಂ ಅವನಿಗೇ ಬಿಟ್ಟರು. ಎಷ್ಟು ಆಳಕ್ಕೆ ಮೆತ್ತಿತ್ತು, ಎಷ್ಟು ಬಿಸಿಗೆ ಮೆದುವಾಗುತ್ತದೆ ಎಂದು ಬಲ್ಲವನು ಅವನೊಬ್ಬನೇ. ಬಿಸಿಗಾಳಿ ಊದಿ, ತೆಳು ಅಲಗಿನಿಂದ ಪದರಪದರವಾಗಿ ಎಬ್ಬಿಸತೊಡಗಿದ. ಸುತ್ತಲಿನ ಕಲ್ಲನ್ನು ನಿಂಬೆಹುಳಿ ತಿಂದುಹಾಕಿತ್ತು, ಮೇಲೆ ಚಾಕುವಿನ ಗೀರು ಬೇರೆ. ದವಡೆ ಅರ್ಧ ಸವೆದೇ ಹೋಗಿತ್ತು. ಕಣ್ಣೂ ಹೀಗೇ ಆಗಿದ್ದರೆ ಏನು ಗತಿ ಎಂದು ಅವನಿಗೆ ದಿಗಿಲು.

ಕೊನೆಯ ಪದರ ಎದ್ದಿತು. ಅಬ್ಬಾ! ಕೆಳಗೆ ಉಂಗುರ. ಒಂದರ ಪಕ್ಕ ಒಂದು ಒತ್ತಿಕೊಂಡ ಸಣ್ಣ ಸಣ್ಣ ಮೂಳೆಬಿಲ್ಲೆಗಳು. ಒಂದೂ ಕದಲಿಲ್ಲ, ಒಂದೂ ಮುಕ್ಕಾಗಿಲ್ಲ. ಮನುಷ್ಯನೆಂಬ ಪ್ರಾಣಿಯೇ ಇಲ್ಲದ ಕಾಲದ ಕಡಲನ್ನು ಕಂಡ ಕಣ್ಣು, ಉಪ್ಪಿನ ಡಬ್ಬಿಯ ಪಕ್ಕದಲ್ಲಿ!

“ನೀವು ಮೆತ್ತಿದ್ದಕ್ಕೇ ಇದು ಉಳೀತು ಯಜಮಾನ್ರೇ,” ಎಂದು ಮೇಡಂ ಪಿಸುಗುಟ್ಟಿದರು. “ಇಲ್ದಿದ್ರೆ ದವಡೆಯ ಹಾಗೆ ಇದೂ ಹೋಗ್ತಿತ್ತು.”

ಮೆತ್ತಪ್ಪನಿಗೆ ಅಳು ಬಂತು. ಇದೊಂದೇನೋ ಉಳಿಯಿತು, ಸರಿ. ಮೂವತ್ತು ವರ್ಷದಲ್ಲಿ ಇಂಥ ಎಷ್ಟು ಕಲೆ ಮುಚ್ಚಿದ್ದನೋ, ಅವೆಲ್ಲ ಯಾರ ಯಾರ ಮನೆಯ ಮೆಟ್ಟಿಲಾಗಿವೆಯೋ.

“ಒಂಬತ್ತು ವರ್ಷ ನಮ್ಮನ್ನೇ ನೋಡ್ತಾ ಇತ್ತಲ್ಲ ರೀ,” ಎಂದಳು ಹೆಂಡತಿ.

“ಎಲ್ಲಿ ನೋಡ್ತು ಕಣೇ? ಮುಚ್ಚಿಟ್ಟಿದ್ದೆನಲ್ಲ ನಾನು.” ಮೊಣಕೈಯಿಂದ ಮುಖ ಒರೆಸಿಕೊಂಡ. “ಈಗ ನೋಡ್ಲಿ,” ಎಂದವನು ಕಿಟಕಿಯ ಬೆಳಕಿಗೆ ಅಡ್ಡವಾಗದಂತೆ ಪಕ್ಕಕ್ಕೆ ಸರಿದು ನಿಂತ.