ಕಿಟಕಿಯ ಕಡೆ ತಿರುಗಿಸಿದ ಮೇಜು

ಮಗಳು ಹಾಸ್ಟೆಲಿಗೆ ಹೊರಟ ದಿನ ನನ್ನ ಕೈಯಲ್ಲಿ ಪೆನ್ನಿತ್ತೋ ಒರೆಸುವ ಬಟ್ಟೆಯಿತ್ತೋ, ಖಚಿತವಾಗಿ ಹೇಳಲಾರೆ. ಬಟ್ಟೆ ಎನ್ನುತ್ತಾಳೆ ಅಕ್ಕ. ನನಗೆ ಪೆನ್ನು ಎಂದೇ ನೆನಪು. ಅವತ್ತು ಮೋಡವಿತ್ತೆಂದು ಬಹಳ ವರ್ಷ ನಂಬಿದ್ದೆ. ಈಗ ಅದೂ ಅನುಮಾನ. ದಿನಚರಿ ಬರೆಯುವ ಅಭ್ಯಾಸ ಕಾಲೇಜಿನ ದಿನಗಳಿಂದಲೂ ಇದೆ, ಆದರೆ ಅವತ್ತು ಏನೂ ಬರೆದಿಲ್ಲ. ಬರೆಯದೇ ಇದ್ದುದಕ್ಕೆ ಕಾರಣ ಹುಡುಕಿದರೆ ನನಗೆ ಹಿತವಾಗುವಂಥದ್ದು ಸಿಗುವುದಿಲ್ಲ.

ತೊಂಬತ್ತರ ದಶಕದ ಕೊನೆಯ ವರ್ಷಗಳವು. ನಂಜನಗೂಡಿನ ನಮ್ಮ ಬೀದಿಯಿಂದ ಮೈಸೂರಿಗೆ ಓದಲು ಹೋಗುವ ಮಕ್ಕಳೆಲ್ಲ ರೈಲಿನ ಪಾಸು ಮಾಡಿಸಿಕೊಂಡು ಬೆಳಿಗ್ಗೆ ಹೋಗಿ ಸಂಜೆ ಮನೆಗೆ ಬರುತ್ತಿದ್ದರು. ಹಾಸ್ಟೆಲು ಎನ್ನುವುದು ದೂರದ ಊರಿನವರಿಗೆ. ಹಾಗಿರುವಾಗ ಬಿ.ಎಸ್ಸಿ. ಸೇರಿದ ಮಗಳನ್ನು ಹಾಸ್ಟೆಲಿಗೆ ಹಾಕುತ್ತೇವೆಂದಾಗ ಎದುರು ಮನೆಯಾಕೆ ಬಾಗಿಲಲ್ಲೇ ನಿಂತು ಕೇಳಿದರು.

"ಮೈಸೂರಿಗೆ ಹಾಸ್ಟೆಲ್ಲಾ? ಪಾಸ್ ಮಾಡ್ಸಿದ್ರೆ ಆಗೋಯ್ತಿತ್ತಲ್ರೀ. ಇದೇನು ಮದ್ರಾಸಾ?"

"ಪ್ರಾಕ್ಟಿಕಲ್ಸ್ ಇರ್ತವೆ, ರೈಲು ಲೇಟಾಗುತ್ತೆ," ಎಂದೆ.

ಮಗಳೂ ಪಾಸನ್ನೇ ಕೇಳಿದ್ದಳು. ಗೆಳತಿಯರೆಲ್ಲ ಒಂದೇ ಬೋಗಿಯಲ್ಲಿ ಹೋಗುವುದೆಂದು ಮಾತಾಗಿತ್ತಂತೆ. ದಿನಾ ಓಡಾಡಿದರೆ ಓದಲು ಸಮಯ ಉಳಿಯುವುದಿಲ್ಲ ಎಂದು ಅವಳ ಬಾಯಿ ಮುಚ್ಚಿಸಿದೆ. ಆ ಮಾತು ಸುಳ್ಳಲ್ಲ. ಆದರೆ ಉಳಿಯಬೇಕೆಂದು ನಾನು ಲೆಕ್ಕ ಹಾಕುತ್ತಿದ್ದ ಸಮಯ ನನ್ನದಾಗಿತ್ತು.

ಅಲ್ಲಿಯವರೆಗೆ ಹೊಲಿಗೆ ಯಂತ್ರದ ಮುಚ್ಚಳದ ಮೇಲೆ ಹಾಳೆ ಇಟ್ಟುಕೊಂಡು ಕಥೆ ಬರೆಯುತ್ತಿದ್ದೆ. ಯೂನಿಫಾರಂನ ಗುಂಡಿ ಕಿತ್ತುಹೋದರೆ ಹಾಳೆ ಎತ್ತಿಡಬೇಕು. ಮನೆಯಲ್ಲಿದ್ದ ಒಂದೇ ಮೇಜು ಮಗಳದ್ದು, ಹತ್ತನೆಯ ತರಗತಿಗೆಂದು ಮಾಡಿಸಿಕೊಟ್ಟದ್ದು. ಅದು ನಡುಕೋಣೆಯ ಗೋಡೆಗೆ ಮುಖ ಮಾಡಿತ್ತು. ಗೋಡೆಗೆ ಅವಳು ಅನ್ನದ ಅಗುಳು ತಿಕ್ಕಿ ಟೈಂಟೇಬಲ್ ಅಂಟಿಸಿದ್ದಳು.

ಅವಳನ್ನು ಕಳಿಸಿಕೊಡಲೆಂದು ಅಕ್ಕ ಹಿಂದಿನ ದಿನವೇ ಟಿ. ನರಸೀಪುರದಿಂದ ಬಂದಿದ್ದಳು. ಗಂಡುಮಕ್ಕಳಷ್ಟೇ ಇರುವ ಅಕ್ಕನಿಗೆ ನನ್ನ ಮಗಳೆಂದರೆ ಪ್ರಾಣ. ತಂದೆ ಮಗಳು ಹಾಸಿಗೆ, ಬಕೆಟ್ಟು ಹಿಡಿದು ಬಸ್ ಸ್ಟ್ಯಾಂಡಿಗೆ ಹೊರಟರು. ನಾನು ಬಾಗಿಲಲ್ಲಿ ನಿಂತೆ, ಅತ್ತೆ ಕೂಡ. ತಂದೆ ಮಗಳು ತಿರುವು ದಾಟಿದ್ದೇ ಒಳಗೆ ಬಂದು ನಡುಕೋಣೆ ಗುಡಿಸತೊಡಗಿದೆ.

ಊರಿಗೆ ಹೊರಟವರ ಬೆನ್ನಿಗೇ ನಮ್ಮಲ್ಲಿ ಯಾರೂ ಕಸ ಗುಡಿಸುವುದಿಲ್ಲ. ಹಾಗೆ ಗುಡಿಸುವುದು ಹೆಣ ಎತ್ತಿದ ಮೇಲೆ. ಇದು ನನಗೆ ಗೊತ್ತಿಲ್ಲದ್ದಲ್ಲ. ನಮ್ಮಮ್ಮ ನಾನು ಹಾಸ್ಟೆಲಿಗೆ ಹೋದಾಗಲೆಲ್ಲ ಸಂಜೆಯವರೆಗೆ ಪೊರಕೆ ಮುಟ್ಟುತ್ತಿರಲಿಲ್ಲ. ಎಂ.ಎ. ಓದಿದವಳು, ಇಂಥದ್ದನ್ನೆಲ್ಲ ನಂಬುವುದಿಲ್ಲ ಎಂದು ಸಮರ್ಥಿಸಿಕೊಳ್ಳಬಹುದು. ಅವತ್ತು ನಂಬಿಕೆ, ಅಪನಂಬಿಕೆ ಯಾವುದೂ ತಲೆಯಲ್ಲಿರಲಿಲ್ಲ. ಮೇಜು ಮಾತ್ರ ಇತ್ತು.

"ಕೂಸು ಒಸ್ಲು ದಾಟಿ ಒತ್ತಾಗ್ಲಿಲ್ಲ, ಆಗ್ಲೇ ಪರಕೆ ಇಡ್ಕೊಂಡ್ಯಲ್ಲವ್ವಾ," ಎಂದಳು ಅಕ್ಕ. "ಬತ್ತೀನಿ ಅಂತ ಏಳ್ಬುಟ್ಟು ಓದೋಳು ಬರೋದ್ ಬ್ಯಾಡ್ವಾ?"

"ಸುಮ್ನಿರಕ್ಕ, ಧೂಳು."

"ಧೂಳಂತೆ. ಯುಗಾದೀಲೂ ಇಂಗೆ ಗುಡಿಸ್ದೋಳಲ್ಲ ನೀನು."

ಟೈಂಟೇಬಲ್ ಕಿತ್ತೆ. ಮೇಜನ್ನು ಹಿತ್ತಲ ಕಿಟಕಿಯ ಕಡೆ ತಿರುಗಿಸಿ ಒರೆಸಿ, ನನ್ನ ಹಾಳೆಗಳನ್ನು ತಂದಿಟ್ಟು ಕುಳಿತೆ. ತಲೆ ಎತ್ತಿದಾಗ ಕಿಟಕಿಯಾಚೆ ಮಗಳು ನಿಂತಿದ್ದಳು. ಓಣಿಯಿಂದ ಹಿತ್ತಲಿಗೆ ಬಂದಿದ್ದಳು, ತಂತಿಯ ಮೇಲಿನ ಟವೆಲು ತೆಗೆದುಕೊಳ್ಳಲು. ನಮ್ಮಿಬ್ಬರ ನಡುವೆ ಕಿಟಕಿಯ ಸರಳುಗಳಷ್ಟೇ.

"ಟವೆಲ್ ಮರ್ತಿದ್ದೆ ಅಮ್ಮ," ಎಂದಳು. ಮೇಜಿನ ಕಡೆ ಒಮ್ಮೆ ನೋಡಿದಳು. "ಬೆಳಕು ಚೆನ್ನಾಗಿದೆ ಅಲ್ಲಿ." ಟವೆಲು ಹೆಗಲಿಗೆ ಹಾಕಿಕೊಂಡು ಹೋದಳು.

ಆಮೇಲೆ ಬರೆಯಲಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಚೆನ್ನಾಗಿಯೇ ಬರೆದೆ. ಆ ವರ್ಷ ಎರಡು ಕಥೆ ವಾರಪತ್ರಿಕೆಯಲ್ಲಿ ಬಂದವು. ಮಗಳು ಹಾಸ್ಟೆಲಿನ ರೀಡಿಂಗ್ ರೂಮಿನಲ್ಲಿ ಓದಿ, "ಚೆನ್ನಾಗಿದೆ" ಎಂದಳು. ಮೊದಲ ಕೆಲವು ತಿಂಗಳು ವಾರವಾರ ಮನೆಗೆ ಬಂದಳು. ನೆಂಟರ ಹಾಗೆ ಮುಂದಿನ ಹಾಲ್‌ನಲ್ಲಿ ಕೂರುವಳು; ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡೇ ಓದುವಳು. "ಮೇಜಿಗೆ ಹೋಗೇ" ಎಂದರೆ, "ಇರ್ಲಿ ಬಿಡಮ್ಮ, ನಿಂದೆಲ್ಲ ಹರಡಿದೆ." ಬರಬರುತ್ತ ಶನಿವಾರ ಮೈಸೂರಿನಲ್ಲಿ ನಂಜನಗೂಡಿನ ಬಸ್ಸು ಹತ್ತುವ ಬದಲು ನರಸೀಪುರದ ಬಸ್ಸು ಹತ್ತತೊಡಗಿದಳು. ದೊಡ್ಡಮ್ಮನ ಮನೆಯಿಂದ ಸೋಮವಾರ ನೇರ ಕಾಲೇಜಿಗೆ. ನಮಗೆ ತಿಂಗಳಿಗೊಮ್ಮೆ ದರ್ಶನ.

ಎರಡು ವರ್ಷದ ನಂತರ ಅವಳ ತಮ್ಮನೂ ಮಂಡ್ಯದ ಕಾಲೇಜಿಗೆ ಹೊರಟ. ಅವನು ಹೋದ ದಿನ ನಾನು ಪೊರಕೆಯನ್ನು ಹಿತ್ತಲಲ್ಲಿಟ್ಟು ಬಾಗಿಲು ಹಾಕಿದೆ. ಅವನು ತಿಂದು ಬಿಟ್ಟ ಕಡಲೆಕಾಯಿ ಸಿಪ್ಪೆ ಮಾರನೆಯ ದಿನವೂ ಮಂಚದ ಕೆಳಗೇ ಇತ್ತು. ಅವನು ಹೋದ ಸಂಜೆಯೇ ಎಸ್‌ಟಿಡಿ ಬೂತಿನಿಂದ ಅವನ ಫೋನು ಬಂತು.

"ತಲುಪಿದೆ. ಏನಮ್ಮ, ಗುಡಿಸಾಯ್ತಾ?"

ನಗುತ್ತಿದ್ದ. ನಾನು ನಗಲಿಲ್ಲ. "ಯಾರೋ ಹೇಳಿದ್ದು ನಿನಗೆ?"

"ಅಯ್ಯೋ, ಅದು ಎಲ್ರಿಗೂ ಗೊತ್ತು ಬಿಡು. ಅಕ್ಕ ಹಾಸ್ಟೆಲಲ್ಲೂ ಹೇಳ್ಕೊಂಡು ನಗಾಡ್ತಾಳಂತೆ."

ಅವಳು ನಗುತ್ತಾಳೆಂದರೆ ನೋವಿಲ್ಲವೆಂದೇ? ನೋವಿಲ್ಲದಿದ್ದರೆ ಹೇಳಿಕೊಳ್ಳುವುದೇಕೆ? ಅವಳನ್ನೇ ಕೇಳುವ ಧೈರ್ಯವಾಗಲಿಲ್ಲ. ಕೇಳಿದ್ದರೆ "ಏನಿಲ್ಲಮ್ಮ" ಎನ್ನುತ್ತಿದ್ದಳು, ನಾನು ಅದನ್ನು ಒಪ್ಪಿಕೊಂಡುಬಿಡುತ್ತಿದ್ದೆ.

ಆ ಚಳಿಗಾಲ ಒಂದು ಶನಿವಾರ ನರಸೀಪುರಕ್ಕೆ ಹೋದೆ. ಅಕ್ಕ ಅಡುಗೆಮನೆಯಲ್ಲಿ ನೆನೆಸಿದ ಅವರೆಕಾಳು ಹಿತುಕುತ್ತ ಕೂತಿದ್ದಳು. ಪಾತ್ರೆ ತುಂಬ ಕಾಳು. ಮಧ್ಯಾಹ್ನದ ಬಸ್ಸಿಗೆ ಮಗಳು ಬರುವವಳಿದ್ದಳು.

"ಇಷ್ಟೊಂದ್ಯಾಕೆ?"

"ಕೂಸ್ಗೆ ಇತುಕ್ದ್ ಬ್ಯಾಳೆ ಸಾರಂದ್ರೆ ಆಸೆ. ನಿಮ್ಮನೇಲಿ ಮಾಡೋರ್ಯಾರು? ನಿಂಗೆ ಪುರಸೊತ್ತೆಲ್ಲಿ?"

ಪಕ್ಕ ಕೂತು ನಾನೂ ಹಿತುಕತೊಡಗಿದೆ. ಸಿಪ್ಪೆ ಜಾರಿ ಬೇಳೆ ಎಲ್ಲೆಲ್ಲೋ ಹಾರುತ್ತಿತ್ತು. ಬಸ್ಸಿನುದ್ದಕ್ಕೂ ಜೋಡಿಸಿಕೊಂಡಿದ್ದ ಮಾತುಗಳನ್ನೆಲ್ಲ ಬಿಟ್ಟು ಒಂದನ್ನಷ್ಟೇ ಕೇಳಿದೆ.

"ಅಕ್ಕಾ, ಅವಳು ಇಲ್ಲಿಗೆ ತಾನಾಗೇ ಬರ್ತಾಳಾ, ನೀನು ಕರೀತೀಯಾ?"

ಅಕ್ಕ ನನ್ನ ಮುಖ ನೋಡಿದಳು. ಪಾತ್ರೆಯನ್ನು ನನ್ನ ಮುಂದಿನಿಂದ ತನ್ನ ಕಡೆಗೆ ಎಳೆದುಕೊಂಡು, "ಬೆರಳು ನೋವಾದಾತು, ನೀ ಬುಡು," ಎಂದಳು. ನಾನು ಕೇಳಿದ್ದಕ್ಕೆ ಅಕ್ಕ ಇವತ್ತಿಗೂ ಉತ್ತರ ಹೇಳಿಲ್ಲ.